ತಂಗಿ ಹತ್ತಿರದಲ್ಲಿದ್ದಾಳಲ್ಲ, ಅಲ್ಲಿಂದ ಶುರು ಮಾಡಿ

ನೀವು ಕೇಳಿದ್ದು ಇದು: ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿ ಕೆನಡಾದ ಮಿಸ್ಸಿಸಾಗಾಕ್ಕೆ ಬಂದು ವರ್ಷವಾಯಿತು. ಅಪ್ಪನಿಗೆ 72, ಅಮ್ಮನಿಗೆ 67. ತೀರ್ಥಹಳ್ಳಿ ಹತ್ತಿರ ಮನೆ, ಸಣ್ಣ ಅಡಿಕೆ ತೋಟ. ಮದುವೆಯಾದ ತಂಗಿ ಶಿವಮೊಗ್ಗದಲ್ಲಿ. ಇಬ್ಬರನ್ನೂ ಇಲ್ಲಿಗೇ ಕರೆಸಿಕೊಳ್ಳುವುದೋ, ಊರಲ್ಲೇ ಇರಲಿ ಅಂತ ದುಡ್ಡು ಕಳಿಸುವುದೋ? ನಮ್ಮ ಅತ್ತೆ ಮಾವ ಇಲ್ಲಿ ಬಂದು ಇದ್ದು ಹೋಗಿದ್ದಾರೆ, ನನ್ನ ಅಮ್ಮ ಊರು ಬಿಟ್ಟು ಕದಲಿಲ್ಲ. ಹಾಗಾಗಿ ಎರಡೂ ಗೊತ್ತು.

ವೀಸಾ ವಿಷಯ ಮೊದಲು ಮುಗಿಸಿಬಿಡೋಣ. ಅಪ್ಪ ಅಮ್ಮನಿಗೆ ಪಿಆರ್ ಮಾಡಿಸುವ ದಾರಿಯನ್ನು ಸದ್ಯಕ್ಕೆ ನೆಚ್ಚಿಕೊಳ್ಳಬೇಡಿ. 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ ವರ್ಷಗಟ್ಟಲೆ ಲಾಟರಿ ಎತ್ತುತ್ತಾ ಬಂದಿದ್ದಾರೆ. ಸಿಕ್ಕರೂ 20 ವರ್ಷ ಅವರ ಖರ್ಚು ನಮ್ಮದು ಅಂತ ಬರೆದುಕೊಡಬೇಕು. ಉಳಿದದ್ದು ಸೂಪರ್ ವೀಸಾ, ಅಂದರೆ ಅಪ್ಪ ಅಮ್ಮ ಬಂದು ಹೆಚ್ಚು ದಿನ ಇದ್ದು ಹೋಗುವ ವೀಸಾ. 2022ರಿಂದ ಒಂದು ಸಲ ಬಂದರೆ 5 ವರ್ಷದವರೆಗೂ ಇರಬಹುದು. ಆದರೆ ನಮ್ಮ ಪ್ರಾಂತ್ಯ ಒಂಟಾರಿಯೋದ ಸರ್ಕಾರಿ ಆರೋಗ್ಯ ಕಾರ್ಡು ಸಿಗುವುದಿಲ್ಲ. ಕನಿಷ್ಠ 1 ಲಕ್ಷ ಡಾಲರಿನ ಇನ್ಶೂರೆನ್ಸ್ ನೀವೇ ಮಾಡಿಸಬೇಕು.

ಆ ಇನ್ಶೂರೆನ್ಸ್ ಕಾಗದವನ್ನು ಕೂತು ಪೂರ್ತಿ ಓದಿ. ಮೊದಲೇ ಇರುವ ಬಿಪಿ, ಶುಗರ್ ಎಲ್ಲವೂ ‘ಸ್ಥಿರವಾಗಿದ್ದರೆ’ ಮಾತ್ರ ಲೆಕ್ಕಕ್ಕೆ ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಹೊರಡುವ ತಿಂಗಳು ಡಾಕ್ಟರು ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ 40 ಇದ್ದದ್ದನ್ನು 80 ಮಾಡಿದರು ಅನ್ನಿ. ನಮಗೆ ಅದು ಮಾತ್ರೆ ಬದಲಾಯಿಸಿದ್ದು ಅಷ್ಟೇ. ಅವರ ಲೆಕ್ಕದಲ್ಲಿ ಸ್ಥಿರತೆ ತಪ್ಪಿತು, ಹೃದಯದ ತೊಂದರೆಗೆ ದುಡ್ಡು ಕೊಡುವುದಿಲ್ಲ ಅನ್ನಬಹುದು. ಪ್ರೀಮಿಯಂ ಕಡಿಮೆ ಅಂತ ನೋಡಿ ಕೊಳ್ಳುವವರು ಈ ಸಾಲನ್ನು ಓದಿರುವುದೇ ಇಲ್ಲ.

ಇನ್ನು ಅವರು ಇಲ್ಲಿ ಬಂದು ಇರುತ್ತಾರಾ? ನಿಮ್ಮ ತಂದೆಯ ವರ್ಷವನ್ನೇ ನೋಡಿ. ಇಲ್ಲಿ ವಯಸ್ಸಾದವರು ಹಾಯಾಗಿ ಹೊರಗೆ ಓಡಾಡುವ ಕಾಲ ಜೂನ್‌ನಿಂದ ಸೆಪ್ಟೆಂಬರ್. ಅಷ್ಟೊತ್ತಿಗೆ ಅಲ್ಲಿ ಮಳೆ, ಕೊಳೆ ರೋಗ ಬಾರದ ಹಾಗೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಇಲ್ಲಿ ಚಳಿ, ಸಂಜೆ ಐದಕ್ಕೆಲ್ಲ ಕತ್ತಲೆ, ಫುಟ್‌ಪಾತ್ ಮೇಲೆ ಮಂಜುಗಡ್ಡೆ. ನಮ್ಮ ಮಾವ ಬೆಳಗ್ಗೆ ಶರ್ಟು ಹಾಕಿಕೊಂಡು ರೆಡಿಯಾಗಿ ಕಿಟಕಿ ಹತ್ತಿರ ಕೂತುಬಿಡುತ್ತಿದ್ದರು. ಹೋಗೋದು ಎಲ್ಲಿಗೆ? ಕಾರು ಬಿಡುವುದು ನಾವು, ನಾವು ಆಫೀಸಲ್ಲಿ. ಅತ್ತೆಗೆ ಅಷ್ಟು ಕಷ್ಟವಾಗಲಿಲ್ಲ, ದೇವಸ್ಥಾನದಲ್ಲಿ ನಾಲ್ಕು ಜನ ಕನ್ನಡದವರು ಸಿಕ್ಕರು, ಅಡುಗೆಮನೆ ಅವರದ್ದೇ ಆಯಿತು.

ಅಡುಗೆಮನೆ ಅಂದಾಗ ಒಂದು ಮಾತು. ಇಲ್ಲಿ ನಮ್ಮವರು ಬಹಳ ಜನ ಅಮ್ಮನನ್ನು ಬಾಣಂತನಕ್ಕೆ ಕರೆಸಿಕೊಳ್ಳುತ್ತಾರೆ, ಆಮೇಲೆ ಮಗು ನೋಡಿಕೊಳ್ಳಲಿ ಅಂತ ಇರಿಸಿಕೊಳ್ಳುತ್ತಾರೆ. ಅತ್ತ ಅಪ್ಪ ಒಬ್ಬರೇ ಅನ್ನ ಬೇಯಿಸಿಕೊಂಡು ಮೊಸರಲ್ಲಿ ಊಟ ಮುಗಿಸುತ್ತಿರುತ್ತಾರೆ. ಕೇಳಿದರೆ ‘ಅಮ್ಮ ನಮ್ಮ ಜೊತೆ ಆರಾಮಾಗಿದ್ದಾರೆ’ ಅನ್ನುತ್ತಾರೆ! ಕರೆಸುವುದಾದರೆ ಇಬ್ಬರನ್ನೂ ಕರೆಸಿ.

ನನ್ನ ಪ್ರಕಾರ ಅವರು ಊರಲ್ಲೇ ಇರುವುದು ಜಾಸ್ತಿ, ಇಲ್ಲಿ ಬಂದು ಹೋಗುವುದು ಕಡಿಮೆ. ಹಾಗಾದರೆ ನಿಜವಾದ ಪ್ರಶ್ನೆ ತಂಗಿಯದು. ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಒಂದೇ ಸಾಲು ಇತ್ತು, ‘ತಂಗಿ ಹತ್ತಿರದಲ್ಲಿದ್ದಾಳೆ, ನೋಡಿಕೊಳ್ಳುತ್ತಾಳೆ’ ಅಂತ. ಅವಳನ್ನು ಕೇಳಿದ್ದೀರಾ? ರಾತ್ರಿ ಅಪ್ಪನಿಗೆ ಎದೆನೋವು ಅಂದರೆ ಶಿವಮೊಗ್ಗಕ್ಕೆ ಕರೆತರುವುದೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದೋ ಅಂತ ನಿರ್ಧರಿಸುವವಳು ಅವಳು. ಮಳೆಗಾಲದಲ್ಲಿ ಆ ಘಾಟಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ರಜೆ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವುದು, ಪಿಂಚಣಿಗೆ ಲೈಫ್ ಸರ್ಟಿಫಿಕೇಟ್, ಹೋಂ ನರ್ಸ್ ಹೇಳದೆ ಕೇಳದೆ ಬಿಟ್ಟು ಹೋದರೆ ಇನ್ನೊಬ್ಬರನ್ನು ಹುಡುಕುವುದು, ಎಲ್ಲ ಅವಳ ತಲೆ ಮೇಲೆ. ಅವಳಿಗೂ ಅತ್ತೆ ಮಾವ ಇದ್ದಾರೆ ಅಲ್ವಾ?

ಹಾಗಾಗಿ ದುಡ್ಡನ್ನು ಅಪ್ಪನ ಖಾತೆಗಷ್ಟೇ ಕಳಿಸಬೇಡಿ. ಅವಳು ಯಾರನ್ನೂ ಕೇಳದೆ ಖರ್ಚು ಮಾಡುವ ಹಾಗೆ ಒಂದಿಷ್ಟು ಬೇರೆ ಇಡಿ. ಕಾರು ಬಾಡಿಗೆಗೆ, ಅವಳ ಮನೆಯಲ್ಲಿ ಒಬ್ಬ ಕೆಲಸದವಳಿಗೆ, ಏನಕ್ಕಾದರೂ ಸರಿ. ರಸೀದಿ ಕೇಳಬೇಡಿ. ಅವಳು ಆಸ್ಪತ್ರೆಯಲ್ಲಿರುವಾಗ ಇಲ್ಲಿಂದ ಗೂಗಲ್ ನೋಡಿಕೊಂಡು ‘ಬೇರೆ ಡಾಕ್ಟರಿಗೆ ತೋರಿಸು’ ಅನ್ನುವ ಅಣ್ಣ ಆಗಬೇಡಿ, ಅಂಥವರು ಇಲ್ಲಿ ಬೇಕಾದಷ್ಟು ಇದ್ದಾರೆ. ನಿಮ್ಮ ರಜೆ ಸಿಕ್ಕಾಗ ಹೋಗಿ ಅವಳಿಗೆ ರಜೆ ಕೊಡಿ, ಆ ದಿನಗಳಲ್ಲಿ ನೆಂಟರ ಮನೆ ಸುತ್ತಬೇಡಿ. ಮುಂದೆ ತೋಟದ ಮಾತು ಬಂದಾಗ ‘ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಅನ್ನುವ ದೊಡ್ಡವರು ಇರುತ್ತಾರೆ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮ ಪಾಲು. ಕಾನೂನು ಹಾಗಿರಲಿ, ನೀವೇ ಮೊದಲು ಬಾಯಿಬಿಟ್ಟು ಹೇಳಿದರೆ ಅವಳ ಗಂಡನ ಮನೆಯಲ್ಲೂ ಅವಳ ಓಡಾಟಕ್ಕೆ ಒಂದು ಬೆಲೆ ಬರುತ್ತದೆ.

ಊರಿನ ಆರೋಗ್ಯ ವಿಮೆ ಮಾಡಿಸಿಲ್ಲ ಅಂದರೆ ಈಗಲೇ ನೋಡಿ. 2024ರ ಏಪ್ರಿಲ್‌ನಿಂದ 65ರ ಮೇಲಿನವರಿಗೂ ಹೊಸ ಪಾಲಿಸಿ ಕೊಡಲು ವಯಸ್ಸಿನ ಅಡ್ಡಿ ಇಲ್ಲ. ಪ್ರೀಮಿಯಂ ದುಬಾರಿಯೇ. ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು, ಅದಕ್ಕೇ ಬೇಗ ಅನ್ನುವುದು. ಬ್ಯಾಂಕ್ ಖಾತೆ ಅಪ್ಪ ಅಮ್ಮ ಇಬ್ಬರ ಹೆಸರಲ್ಲಿ, ಯಾರು ಬೇಕಾದರೂ ತೆಗೆಯುವ ಹಾಗೆ ಇದೆಯಾ ಕೇಳಿ. ಅಮ್ಮನಿಗೆ ಎಟಿಎಂ ಪಿನ್ ಗೊತ್ತಿದೆಯಾ ಅಂತಲೂ ಕೇಳಿ. ಹೆಚ್ಚಿನ ಮನೆಗಳಲ್ಲಿ ಗೊತ್ತಿರುವುದಿಲ್ಲ.

ಮುಂದಿನ ಬೇಸಿಗೆಗೆ ಸೂಪರ್ ವೀಸಾ ಹಾಕುವುದಾದರೆ, ಕರೆಸುವವರು ತೋರಿಸಬೇಕಾದ ಕನಿಷ್ಠ ಆದಾಯದ ಲೆಕ್ಕ ಸರಿಯಾಗಿ ಮಾಡಿ. ಮನೆಯ ಜನರ ಸಂಖ್ಯೆಯಲ್ಲಿ ಬರುವ ಅಪ್ಪ ಅಮ್ಮನನ್ನೂ ಸೇರಿಸಬೇಕು. ನಿಮ್ಮೊಬ್ಬರ ಸಂಬಳ ಸಾಲದಿದ್ದರೆ ಹೆಂಡತಿಯ ಆದಾಯವನ್ನೂ ಜೊತೆಗೆ ತೋರಿಸಬಹುದು.