ರಿಯಾಕ್ಟರಿನ ವಿಕಿರಣವನ್ನು ಆಪ್ಟಿಕಲ್ ಫೈಬರ್ ಹೇಗೆ ತಾಳಿಕೊಳ್ಳುತ್ತದೆ?

ಪರಮಾಣು ರಿಯಾಕ್ಟರಿನೊಳಗಿನ ವಿಕಿರಣದಲ್ಲಿ ಕೂದಲೆಳೆಯಂಥ ಗಾಜು ಹೇಗೆ ಉಳಿಯುತ್ತದೆ, ಮನೆಗೆ ಇಂಟರ್‌ನೆಟ್ ತರುವ ಫೈಬರನ್ನೇ ಅಲ್ಲಿ ಎಳೆಯಬಹುದೇ ಎಂದು ಕೇಳಿದ್ದೀರಿ. ನಾನು ಮುಂಬಯಿಯ ಚೆಂಬೂರಿನಲ್ಲಿದ್ದು ಭೌತಶಾಸ್ತ್ರ ಕಲಿಸುತ್ತೇನೆ. ಧ್ರುವ ರಿಯಾಕ್ಟರ್ 1985ರಲ್ಲಿ ಶುರುವಾದ ಟ್ರಾಂಬೆ ಇಲ್ಲಿಗೆ ಹತ್ತಿರ. ಹಾಗಾಗಿ ನಮ್ಮ ಕನ್ನಡ ಸಂಘದ ಮಕ್ಕಳೂ ಇಂಥ ಪ್ರಶ್ನೆಗಳನ್ನು ಹಿಡಿದು ಬರುತ್ತಾರೆ.

ವಿಕಿರಣಕ್ಕೆ ಗಾಜು ಒಡೆಯುವುದಿಲ್ಲ, ಮಂಕಾಗುತ್ತದೆ. ಗಾಮಾ ಚೇಂಬರಿನಲ್ಲಿ ಗಾಮಾ ಕಿರಣ ಸೂಸುವ ಕೋಬಾಲ್ಟ್-60ರ ಎದುರು ಇಟ್ಟು ತೆಗೆದ ಸಾಮಾನ್ಯ ಗಾಜಿನ ಶೀಶೆಯನ್ನು ನೋಡಿದ್ದೇನೆ. ಒಂದು ಬಿರುಕಿಲ್ಲ, ಗೀರಿಲ್ಲ, ಆದರೆ ಬಣ್ಣ ಮಾತ್ರ ಕಾಫಿ ಡಿಕಾಕ್ಷನ್‌ನದು. ಅದನ್ನೇ ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿದರೆ ಬಣ್ಣ ಇಳಿದು ಮತ್ತೆ ತಿಳಿಯಾಗುತ್ತದೆ. ಗಾಮಾ ಕಿರಣ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತದೆ. ಅವು ಕಲ್ಮಶಗಳ ಬಳಿಯೋ ತುಂಡಾದ ಸಿಲಿಕಾನ್-ಆಮ್ಲಜನಕ ಬಂಧಗಳ ಬಳಿಯೋ ಸಿಕ್ಕಿಬೀಳುತ್ತವೆ. ಬೆಳಕನ್ನು ನುಂಗುವುದು ಈ ಜಾಗಗಳೇ. ಶಾಖ ಕೊಟ್ಟರೆ ಎಲೆಕ್ಟ್ರಾನು ಬಿಡಿಸಿಕೊಳ್ಳುತ್ತದೆ.

ಶೀಶೆಯ ದಪ್ಪ ಕೆಲವೇ ಮಿಲಿಮೀಟರ್. ಫೈಬರಿನಲ್ಲಾದರೋ ಬೆಳಕು ಮೀಟರುಗಟ್ಟಲೆ ಗಾಜಿನೊಳಗೇ ಸಾಗಬೇಕು. ದೂರಸಂಪರ್ಕದ ಒಳ್ಳೆಯ ಫೈಬರಿನಲ್ಲಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ನಷ್ಟ (10 ಡೆಸಿಬೆಲ್ ನಷ್ಟವೆಂದರೆ ಬೆಳಕು ಹತ್ತನೇ ಒಂದಕ್ಕೆ ಇಳಿದಂತೆ). ಅದು ಮಂಕಾಗಿ ಮೀಟರಿಗೆ 1 ಡೆಸಿಬೆಲ್‌ಗೆ ಏರಿತೆನ್ನಿ, ಹತ್ತು ಮೀಟರ್ ದಾಟುವಷ್ಟರಲ್ಲಿ ಉಳಿಯುವುದು ಹತ್ತರಲ್ಲೊಂದು ಪಾಲು ಬೆಳಕು.

ಹಾಗಾಗಿ ಮೊದಲ ಉಪಾಯ ಗಾಜಿನ ಶುದ್ಧತೆ. ಸಾಮಾನ್ಯ ಫೈಬರಿನ ತಿರುಳಿಗೆ, ಅಂದರೆ ಬೆಳಕು ಸಾಗುವ ನಡುಭಾಗಕ್ಕೆ, ವಕ್ರೀಭವನಾಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ) ಹೆಚ್ಚಿಸಲು ಜರ್ಮೇನಿಯಂ ಬೆರೆಸುತ್ತಾರೆ. ಇಂಥ ಬೆರಕೆಯೇ ಮಂಕನ್ನು ಹೆಚ್ಚಿಸುತ್ತದೆ. ರಂಜಕ ಬೆರೆತ ಫೈಬರಂತೂ ಎಷ್ಟು ಬೇಗ ಮಂಕಾಗುತ್ತದೆಂದರೆ, ಅದನ್ನು ವಿಕಿರಣ ಅಳೆಯಲೇ ಬಳಸುತ್ತಾರೆ. ರಿಯಾಕ್ಟರಿಗೆಂದು ಮಾಡುವ ಫೈಬರಿನಲ್ಲಿ ತಿರುಳು ಬರಿಯ ಸಿಲಿಕಾ. ಅದರ ಅಂಕ ಏರಿಸುವ ಬದಲು ಸುತ್ತಲ ಪದರಕ್ಕೆ ಫ್ಲೋರಿನ್ ಸೇರಿಸಿ ಅಲ್ಲಿಯ ಅಂಕವನ್ನೇ ಇಳಿಸುತ್ತಾರೆ. ಬೆಳಕು ಒಳಗೇ ಉಳಿಯುತ್ತದೆ, ತಿರುಳಿಗೆ ಏನನ್ನೂ ಬೆರೆಸಬೇಕಾಗಿಲ್ಲ. ಈ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಯೋಚನೆ ಇದು. ಮಂಕು ನೇರಳಾತೀತದಲ್ಲೂ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಹೆಚ್ಚು. ಅದಕ್ಕೇ 1 ಮೈಕ್ರೋಮೀಟರಿನ ಆಸುಪಾಸಿನ ಅವಗೆಂಪು ಬೆಳಕನ್ನು ಆರಿಸಿಕೊಳ್ಳುತ್ತಾರೆ. ರಿಯಾಕ್ಟರಿನ ಬಿಸಿಯೂ ನೆರವಿಗೆ ಬರುತ್ತದೆ: ಒಂದು ಕಡೆ ಗಾಮಾ ಮಂಕು ಮಾಡುತ್ತಿರುತ್ತದೆ, ಇನ್ನೊಂದು ಕಡೆ ಶಾಖ ಅದರಲ್ಲಿ ಒಂದಿಷ್ಟನ್ನು ಅಳಿಸುತ್ತಿರುತ್ತದೆ.

ನ್ಯೂಟ್ರಾನುಗಳ ಹಾವಳಿ ಬೇರೆ ಬಗೆಯದು. ಅವು ಪರಮಾಣುಗಳನ್ನೇ ಜಾಗದಿಂದ ತಳ್ಳುತ್ತವೆ. ದೀರ್ಘಕಾಲ ಹೊಡೆತ ತಿಂದ ಸಿಲಿಕಾ ಕುಗ್ಗಿ ಶೇ. 2-3ರಷ್ಟು ಸಾಂದ್ರವಾಗುತ್ತದೆ. ಆಗ ಫೈಬರಿನೊಳಗೆ ಕೆತ್ತಿದ ಬ್ರ್ಯಾಗ್ ಗ್ರೇಟಿಂಗ್ (ಒಂದೇ ತರಂಗಾಂತರದ ಬೆಳಕನ್ನು ಹಿಂದಿರುಗಿಸಿ ತಾಪಮಾನ ತಿಳಿಸುವ ಸೂಕ್ಷ್ಮ ಗೆರೆಗಳ ಸಾಲು), ತಾಪಮಾನ ಬದಲಾಗದಿದ್ದರೂ ಬದಲಾಯಿತೆಂದು ತೋರಿಸುತ್ತದೆ. ಬೆಳಕು ಬಾರದಿದ್ದರೆ ತಕ್ಷಣ ಗೊತ್ತಾಗುತ್ತದೆ, ತಪ್ಪು ಅಳತೆ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಮಂಕಿಗಿಂತ ಇದೇ ದೊಡ್ಡ ಸಮಸ್ಯೆ.

ಮನೆಯ ಫೈಬರ್ ರಿಯಾಕ್ಟರಿನ ತಿರುಳಿನ ಬಳಿ ನಡೆಯದು. ಅದರ ಅಕ್ರಿಲೇಟ್ ಪ್ಲಾಸ್ಟಿಕ್ ಹೊದಿಕೆ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬಾಳುತ್ತದೆ, ಅಲ್ಲಿ ಬೇಕಾಗುವುದು ಹೆಚ್ಚು ಶಾಖ ತಾಳುವ ಪಾಲಿಇಮೈಡ್ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ, ಚಿನ್ನದ ಲೇಪ. ರಿಯಾಕ್ಟರಿನ ತಿರುಳಿನೊಳಕ್ಕೆ ಫೈಬರ್ ಇಳಿಸುವುದು ಇಂದಿಗೂ ಹೆಚ್ಚಾಗಿ ಸಂಶೋಧನಾ ರಿಯಾಕ್ಟರುಗಳಲ್ಲೇ. ವಿದ್ಯುತ್ ಸ್ಥಾವರಗಳು ತಾಪಮಾನ ಅಳೆಯುವ ಲೋಹದ ತಂತಿಗಳಾದ ಥರ್ಮೋಕಪಲ್‌ಗಳನ್ನೂ ಲೋಹದ ನ್ಯೂಟ್ರಾನ್ ಶೋಧಕಗಳನ್ನೂ ನೆಚ್ಚಿಕೊಂಡಿವೆ. ದಪ್ಪ ಕಾಂಕ್ರೀಟ್ ಗೋಡೆಯ ಆಚೆಗಿನ ಕೋಣೆಗಳಲ್ಲಾದರೆ ಸಾಮಾನ್ಯ ಫೈಬರೇ ಸಾಕು.