ಕೊಳೆರೋಗ ತರುವ ಜೀವಿ ಶಿಲೀಂಧ್ರವಲ್ಲ

ಪ್ರಶ್ನೆ: ಕಳೆದ ವರ್ಷ ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಪ್ರೊಪಿಕೊನಜೋಲ್ ಹೊಡೆದಾಗ ರೋಗ ಹತೋಟಿಗೆ ಬಂದಿತ್ತು. ಉಳಿದಿದ್ದ ಅದೇ ಔಷಧಿಯನ್ನು ಈ ಮಳೆಗಾಲದಲ್ಲಿ ಕೊಳೆಗೂ ಹೊಡೆದೆವು, ಆದರೂ ಕಾಯಿ ಉದುರುವುದು ನಿಲ್ಲಲಿಲ್ಲ. ಎರಡೂ ಶಿಲೀಂಧ್ರ ರೋಗಗಳೇ ಅಲ್ಲವೇ? ಔಷಧಿಯಲ್ಲಿ ಕಲಬೆರಕೆ ಇತ್ತೇ?

ಉತ್ತರ: ಆಷಾಢ ಬಂತೆಂದರೆ ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. ಅಷ್ಟು ಹೊತ್ತಿಗೆ ಕಾಯಿ ನೆಲಕ್ಕೆ ಬಿದ್ದಿರುತ್ತದೆ ಎಂಬುದೇ ನನ್ನ ಬೇಸರಕ್ಕೆ ಕಾರಣ. ಔಷಧಿ ಅಸಲಿಯಾಗಿದ್ದರೂ ಫಲಿತಾಂಶ ಹೀಗೆಯೇ ಇರುತ್ತಿತ್ತು, ಏಕೆಂದರೆ ಕೊಳೆಗೆ ಕಾರಣವಾದ ಫೈಟಾಫ್ತೊರಾ ಶಿಲೀಂಧ್ರವೇ ಅಲ್ಲ.

ಜೀವಕೋಶದ ಪ್ರಾಥಮಿಕ ಪಾಠವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಭಾಗಗಳು ಎರಡೇ: ಕೋಶಭಿತ್ತಿ ಮತ್ತು ಕೋಶಪೊರೆ. ನಮ್ಮ ಕೋಶಪೊರೆಗೆ ಕೊಲೆಸ್ಟೆರಾಲ್ ಹೇಗೆ ಬೇಕೋ ನಿಜವಾದ ಶಿಲೀಂಧ್ರದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ಸ್ಟೆರಾಲ್ (ಕೊಬ್ಬಿನಂಥ ವಸ್ತು) ಹಾಗೆ ಬೇಕು, ಮತ್ತು ಅದನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್ ಮೊದಲಾದವು ಈ ತಯಾರಿಕೆಯ ಒಂದು ಕಿಣ್ವವನ್ನು ತಡೆದು ಶಿಲೀಂಧ್ರದ ಬೆಳವಣಿಗೆಯನ್ನು ನಿಲ್ಲಿಸುತ್ತವೆ. ಎಲೆಚುಕ್ಕೆಗೆ ಕಾರಣವಾದ ಕೊಲೆಟೋಟ್ರೈಕಮ್ ನಿಜವಾದ ಶಿಲೀಂಧ್ರವಾದ್ದರಿಂದ ಅಲ್ಲಿ ಔಷಧಿ ಫಲ ಕೊಟ್ಟಿತು. ಫೈಟಾಫ್ತೊರಾ ಇಂಥ ಸ್ಟೆರಾಲನ್ನು ತಯಾರಿಸುವುದೇ ಇಲ್ಲ, ತನಗೆ ಬೇಕಾದುದನ್ನು ಆಸರೆ ಗಿಡದಿಂದ ಪಡೆಯುತ್ತದೆ. ನಡೆಯದೇ ಇರುವ ಕೆಲಸವನ್ನು ಔಷಧಿ ತಡೆಯುವುದಾದರೂ ಹೇಗೆ? ಕಾರ್ಬೆಂಡಜಿಮ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಕೂಡ, ಬೇರೆ ಕಾರಣದಿಂದ, ಇದರ ಮೇಲೆ ನಿಷ್ಪ್ರಯೋಜಕ.

ಹಾಗಾದರೆ ಇದನ್ನು ಇಷ್ಟು ಕಾಲ ಶಿಲೀಂಧ್ರವೆಂದು ಏಕೆ ಕರೆದರು ಎಂದು ನೀವು ಕೇಳಬಹುದು. ಇದೂ ಎಳೆ ಎಳೆಯಾಗಿ ಬೆಳೆಯುತ್ತದೆ, ಬೀಜಾಣುಗಳಿಂದ ಹರಡುತ್ತದೆ, ಕಾಯಿಯ ಮೇಲೆ ಬಿಳಿಯ ಬೂಷ್ಟಿನಂತೆ ಕಾಣುತ್ತದೆ. 1969ರಲ್ಲಿ ಅಮೆರಿಕದ ಜೀವವಿಜ್ಞಾನಿ ವಿಟ್ಟೇಕರ್ ಎಲ್ಲ ಜೀವಿಗಳನ್ನು ಐದು ದೊಡ್ಡ ಗುಂಪುಗಳಾಗಿ ಹಂಚುವ ಐದು ಸಾಮ್ರಾಜ್ಯಗಳ ವರ್ಗೀಕರಣವನ್ನು ಮಂಡಿಸಿದಾಗಲೂ ಈ ಗುಂಪು ಶಿಲೀಂಧ್ರಗಳ ಜೊತೆಯಲ್ಲೇ ಉಳಿಯಿತು. ಆದರೆ ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಪ್ರಮುಖವಾಗಿದ್ದರೆ, ಇದರ ಕೋಶಭಿತ್ತಿ ಮುಖ್ಯವಾಗಿ ಗ್ಲುಕಾನ್ ಮತ್ತು ಸೆಲ್ಯುಲೋಸಿನಿಂದ ಆಗಿದೆ. ಇದರ ಚಲಬೀಜಾಣುವಿಗೆ (ಈಜುವ ಬೀಜಾಣುವಿಗೆ) ಬಾಲದಂಥ ಎರಡು ಕಶಾಂಗಗಳಿದ್ದು, ಅವುಗಳಲ್ಲಿ ಒಂದರ ಮೈಮೇಲೆ ಸೂಕ್ಷ್ಮ ರೋಮಗಳಿರುತ್ತವೆ. ಇದೇ ಲಕ್ಷಣ ಕಂದು ಪಾಚಿಗಳ ಚಲಿಸುವ ಕೋಶಗಳಲ್ಲಿಯೂ ಇದೆ. ವಂಶವಾಹಿಗಳ ಹೋಲಿಕೆಯೂ ಇದನ್ನು ಕಂದು ಪಾಚಿ ಮತ್ತು ಏಕಕೋಶ ಪಾಚಿಗಳಾದ ಡಯಾಟಮ್‌ಗಳ ಹತ್ತಿರದ ಊಮೈಸೀಟ್ ಎಂಬ ಗುಂಪಿಗೆ ಸೇರಿಸಿದೆ. ಅಣಬೆಗಾದರೋ ಸಸ್ಯಗಳಿಗಿಂತ ಪ್ರಾಣಿಗಳೇ ಹತ್ತಿರದ ಬಂಧುಗಳು. ಆ ಚಲಬೀಜಾಣುಗಳು ಕಾಯಿಯ ಮೇಲಿನ ನೀರಿನ ತೆಳು ಪದರದಲ್ಲಿ ಈಜುತ್ತವೆ, ಆದ್ದರಿಂದಲೇ ಬಿಡದೆ ಮಳೆ ಹಿಡಿದ ವಾರಗಳಲ್ಲಿ ಕೊಳೆ ಉಲ್ಬಣಿಸುತ್ತದೆ. ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ಮಲೆನಾಡಿನ ಹಿರಿಯರು ತಡೆದದ್ದು ಈ ನೀರನ್ನೇ.

ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಕೊಳೆರೋಗದ ಜೀವಿಯನ್ನು ಫೈಟಾಫ್ತೊರಾ ಎಂದು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಆ ದ್ರಾವಣವನ್ನು 1885ರಲ್ಲಿ ಫ್ರಾನ್ಸಿನ ಮಿಲ್ಲಾರ್ಡೆ ಪ್ರಕಟಿಸಿದ್ದು ದ್ರಾಕ್ಷಿಯ ಬೂಜುರೋಗಕ್ಕಾಗಿ, ಮತ್ತು ಆ ರೋಗದ ಜೀವಿಯೂ ಊಮೈಸೀಟೇ. ಮೈಲುತುತ್ತದಲ್ಲಿರುವ ತಾಮ್ರಕ್ಕೆ ಸ್ಟೆರಾಲಿನ ಹಂಗಿಲ್ಲ, ಅದು ಬೀಜಾಣುವಿನ ಹಲವು ಕಿಣ್ವಗಳನ್ನು ಒಟ್ಟಿಗೇ ಕೆಡಿಸುತ್ತದೆ. ಆದರೆ ಅದು ಕಾಯಿಯ ಹೊರಗಷ್ಟೇ ಕಾವಲಿರುತ್ತದೆ, ಒಳಹೊಕ್ಕ ರೋಗವನ್ನು ಗುಣಪಡಿಸುವುದಿಲ್ಲ. ಆದ್ದರಿಂದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನವೇ ಮುಗಿದಿರಬೇಕು, ಎರಡನೆಯದು 40–45 ದಿನಗಳ ನಂತರ ಹೊಳವಾದಾಗ ಆಗಬೇಕು.

ಬೋರ್ಡೋ ದ್ರಾವಣ ತಯಾರಿಸಲು ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣದ ಡ್ರಮ್ಮಿನಲ್ಲಿ ಕಲಸುವುದು, ಉಳಿದದ್ದನ್ನು ಮರುದಿನಕ್ಕೆ ಇಡುವುದು ಎರಡೂ ತಪ್ಪು. ಮೆಟಲಾಕ್ಸಿಲ್ ಎಂಬ ಔಷಧಿ ಊಮೈಸೀಟ್‌ಗಳ ಮೇಲೆ ಪರಿಣಾಮಕಾರಿಯೇ ಹೌದು, ಆದರೂ ಅದನ್ನು ಒಂಟಿಯಾಗಿ ಪದೇ ಪದೇ ಬಳಸಲು ನಾನು ಹೇಳುವುದಿಲ್ಲ: ಹಾಗೆ ಬಳಸಿದ ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ 1980ರಲ್ಲಿಯೇ ಫೈಟಾಫ್ತೊರಾ ಅದಕ್ಕೆ ಬಗ್ಗದಂತಾಯಿತು. ಚೀಟಿಯಿಲ್ಲದ ಬಾಟಲಿಯಲ್ಲಿ ‘ಎಲ್ಲ ಕೊಳೆಗೂ ಒಂದೇ ಮದ್ದು’ ಎಂದು ಮಾರುವವರು ನಿಮ್ಮ ಬೆಳೆಯೊಡನೆ ಆಟವಾಡುತ್ತಿದ್ದಾರೆ. ಬಾಟಲಿಯ ಮೇಲೆ ರಾಸಾಯನಿಕದ ಹೆಸರಿಲ್ಲದಿದ್ದರೆ ಕೊಳ್ಳಬೇಡಿ.

ಪ್ರಶ್ನೆ: ನೀಲಿ-ಹಸಿರು ಪಾಚಿ ಯಾವ ಬಗೆಯ ಪಾಚಿ?

ಉತ್ತರ: ಅದು ಪಾಚಿಯಲ್ಲ, ಕೋಶಕೇಂದ್ರವಿಲ್ಲದ ಬ್ಯಾಕ್ಟೀರಿಯ.

ಪ್ರಶ್ನೆ: ವೈರಸ್ ಯಾವ ಸಾಮ್ರಾಜ್ಯಕ್ಕೆ ಸೇರಿದೆ?

ಉತ್ತರ: ವಿಟ್ಟೇಕರ್ ಅವರ ಐದರಲ್ಲಿ ಯಾವುದಕ್ಕೂ ಸೇರಿಲ್ಲ. ಅದಕ್ಕೆ ಜೀವಕೋಶವೇ ಇಲ್ಲ.

ಪ್ರಶ್ನೆ: ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಸೇಬಿನ ಸ್ಟೆಮ್ ಸೆಲ್ ಪುಡಿ ತಿನ್ನಿ ಎಂದು ಒಬ್ಬರು ಹೇಳಿದ್ದಾರೆ. ಅದನ್ನು ತಿಂದರೆ ನಮ್ಮ ಜೀವಕೋಶಗಳು ಹೊಸದಾಗುತ್ತವೆಯೇ?

ಉತ್ತರ: ಇಲ್ಲ. ಒಣಗಿಸಿ ಪುಡಿ ಮಾಡಿದ ಜೀವಕೋಶ ಸತ್ತಿರುತ್ತದೆ, ಉಳಿದದ್ದು ಹೊಟ್ಟೆಯಲ್ಲಿ ಬೇರೆ ಆಹಾರದಂತೆಯೇ ಜೀರ್ಣವಾಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಇದನ್ನು ತಿನ್ನಿ ಎಂದು ನಿಮಗೆ ಹೇಳಿದವರು ಅಪಾಯಕಾರಿ ಸಲಹೆ ಕೊಟ್ಟಿದ್ದಾರೆ. ಮಾತ್ರೆ ನಿಲ್ಲಿಸಿದ್ದರೆ ಇಂದೇ ನಿಮ್ಮ ವೈದ್ಯರನ್ನು ಕಾಣಿರಿ.