ಕಾರ್ಮನ್‌ಗೆ ಆಸ್ಕರ್ ಯಾಕೆ ಅಂದ್ರೆ...

'ಬರೀ ಅಗ್ಗದ ದೆವ್ವದ ಸಿನಿಮಾ ಮಾಡಿದ ಅಮೆರಿಕದ ನಿರ್ದೇಶಕ, ನಿರ್ಮಾಪಕ ರೋಜರ್ ಕಾರ್ಮನ್‌ಗೆ 2009ರಲ್ಲಿ ಗೌರವ ಆಸ್ಕರ್ ಯಾಕೆ ಕೊಟ್ರು?' ಅಂತ ಕೇಳಿದ್ದೀರಿ. ಅಗ್ಗದವು ಅನ್ನೋದು ನಿಜ ಸಾರ್. 'ದಿ ಲಿಟಲ್ ಶಾಪ್ ಆಫ್ ಹಾರರ್ಸ್' (1960) ಚಿತ್ರದ ಒಳಾಂಗಣ ದೃಶ್ಯಗಳನ್ನೆಲ್ಲ ಎರಡೇ ದಿನದಲ್ಲಿ ಮುಗಿಸಿದ ಆಸಾಮಿ! ಅದರಲ್ಲಿ ಹಲ್ಲು ಕೀಳಿಸಿಕೊಳ್ಳೋದನ್ನೇ ಸುಖಪಡುವ ರೋಗಿಯಾಗಿ ಬರೋನು ಮುಂದೆ ದೊಡ್ಡ ನಟನಾದ ಜ್ಯಾಕ್ ನಿಕೋಲ್ಸನ್. ಆಗ ಅವನ್ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ.

ನನ್ನ ಪ್ರಕಾರ ಆಸ್ಕರ್ ಸಿಕ್ಕಿದ್ದು ಸಿನಿಮಾಗಳಿಗಿಂತ ಹೆಚ್ಚಾಗಿ ಅವನ ಗರಡಿಗೆ. ಕೊಪೊಲಾ, ಸ್ಕೋರ್ಸೆಸಿ, ಜೊನಾಥನ್ ಡೆಮಿ, ಜೇಮ್ಸ್ ಕ್ಯಾಮೆರಾನ್, ಹೀಗೆ ಮುಂದೆ ಹೆಸರಾದ ನಿರ್ದೇಶಕರೆಲ್ಲ ಅಲ್ಲಿ ಪಳಗಿದವರೇ. ಇನ್ನೊಬ್ಬ ಶಿಷ್ಯ, ನಿರ್ದೇಶಕ ಬಾಗ್ಡನೋವಿಚ್ ಕತೆ ಕೇಳಿ: ಮುದಿ ನಟ ಬೋರಿಸ್ ಕಾರ್ಲಾಫ್ ಕಾರ್ಮನ್‌ಗೆ ಇನ್ನೂ ಎರಡು ದಿನದ ಕಾಲ್‌ಶೀಟ್ ಬಾಕಿ ಉಳಿಸಿಕೊಂಡಿದ್ದ. ಅದನ್ನ ಬಳಸು, ನನ್ನ ಹಳೇ ಚಿತ್ರದ ತುಣುಕನ್ನೂ ಸೇರಿಸು, ಉಳಿದದ್ದು ನಿನ್ನಿಷ್ಟ ಅಂದ ಕಾರ್ಮನ್. ಹಾಗೆ ಹುಟ್ಟಿದ್ದು 'ಟಾರ್ಗೆಟ್ಸ್' (1968). ದಯವಿಟ್ಟು ನೋಡಿ.

ಇನ್ನೊಂದು ಮಾತು. 1970ರಲ್ಲಿ ಶುರುಮಾಡಿದ ನ್ಯೂ ವರ್ಲ್ಡ್ ಪಿಕ್ಚರ್ಸ್ ಅನ್ನೋ ತನ್ನ ಕಂಪನಿ ಮೂಲಕ ಇದೇ ಮನುಷ್ಯ ಬರ್ಗ್‌ಮನ್, ಫೆಲಿನಿಯಂಥ ಯುರೋಪಿನ ಕಲಾತ್ಮಕ ನಿರ್ದೇಶಕರ ಚಿತ್ರಗಳನ್ನ ಅಮೆರಿಕದಲ್ಲಿ ಹಂಚಿದ. ವರ್ಣಭೇದದ ಬಗ್ಗೆ ಮನಸ್ಸಿಟ್ಟು ನಿರ್ದೇಶಿಸಿದ 'ದಿ ಇಂಟ್ರೂಡರ್' (1962) ಮಾತ್ರ ದುಡ್ಡು ಕಳೆಯಿತು. ಲೆಕ್ಕದಲ್ಲಿ ಇಷ್ಟು ಬಿಗಿಯಾದವನಿಗೆ ಅದು ಎಷ್ಟು ಚುಚ್ಚಿರಬೇಕು!

ಶಿಷ್ಯರೂ ಗುರುವನ್ನ ಮರೆಯಲಿಲ್ಲ. ಕೊಪೊಲಾ ನಿರ್ದೇಶನದ 'ಗಾಡ್‌ಫಾದರ್' ಎರಡನೇ ಭಾಗದ ಸೆನೆಟ್ ವಿಚಾರಣೆಯ ದೃಶ್ಯ ಬಂದಾಗ ಸೆನೆಟರ್‌ಗಳ ಸಾಲು ಸರಿಯಾಗಿ ನೋಡಿ, ಕಾರ್ಮನ್ ಕೂತಿದ್ದಾನೆ.